25 ಮೀಟರ್ ಬೆಂಚ್‌ರೆಸ್ಟ್: ಗ್ರೂಪ್ ಮೇಲೆ ಕೆಳಗೆ ಹರಡ್ತಿದೆ. ತಪ್ಪು ಚೀಲದ್ದಾ, ರೈಫಲ್‌ದಾ?

ಕ್ಯಾತ್ಸಂದ್ರ_177

ನಮಸ್ಕಾರ. ತುಮಕೂರಿನಿಂದ ಬರೀತಿದೀನಿ. ಕ್ಲಬ್ ಮಟ್ಟದ 25 ಮೀಟರ್ ಏರ್ ರೈಫಲ್ ಬೆಂಚ್‌ರೆಸ್ಟ್ (ಟೇಬಲ್ ಮೇಲೆ ಆಸರೆಗಿಟ್ಟು ಹೊಡೆಯೋದು) ಪಂದ್ಯಕ್ಕೆ ತಯಾರಿ ನಡೀತಿದೆ. ಕಾರ್ಡಿನಲ್ಲಿ 25 ಗುರಿ, ಒಂದೊಂದಕ್ಕೆ ಒಂದೇ ಪೆಲೆಟ್, ಪೂರ್ತಿ ಅಂಕ 250, ಸಮಯ 20 ನಿಮಿಷ.

ರೈಫಲ್: ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿಟ್ಟ ಗಾಳಿಯದ್ದು), 4.5 ಮಿ.ಮೀ., ರೆಗ್ಯುಲೇಟರ್ (ಗಾಳಿಯ ಒತ್ತಡ ಸಮವಾಗಿಡೋ ಭಾಗ) ಇಲ್ಲ, ಸ್ಕೋಪ್ ಸೇರಿ 3.9 ಕಿಲೋ. ಸ್ಕೋಪ್ 6-24×50. ಪೆಲೆಟ್ 0.547 ಗ್ರಾಂ. ಮುಂದೆ ಮರದ ದಿಮ್ಮಿ ಮೇಲೆ ಮರಳಿನ ಚಿಕ್ಕ ಚೀಲ, ಹಿಂದೆ ಥರ್ಮೋಕೋಲ್ ಮಣಿ ತುಂಬಿದ ಬಟ್ಟೆ ಚೀಲ. ಎರಡು ಚೀಲಗಳ ನಡುವೆ ಸುಮಾರು 50 ಸೆಂ.ಮೀ. ಟೇಬಲ್ ಮರದ್ದು, ನಾಲ್ಕು ಕಾಲು.

ಐದೈದು ಹೊಡೆತದ ಗ್ರೂಪ್, ಅಂದರೆ ತೂತುಗಳ ಗುಂಪು, ಅಡ್ಡಕ್ಕೆ 5-6 ಮಿ.ಮೀ. ಒಳಗೇ ಇರುತ್ತೆ. ಉದ್ದಕ್ಕೆ ಮಾತ್ರ 14-16 ಮಿ.ಮೀ. ಗಾಳಿ ಇಲ್ಲದ ಬೆಳಗಿನ ಹೊತ್ತಲ್ಲೂ ಹಾಗೇ. ಹಾಗಾಗಿ ಗಾಳಿ ಕಾರಣ ಅಲ್ಲ ಅನ್ಸುತ್ತೆ.

ಇನ್ನೊಂದು ಸ್ಪ್ರಿಂಗ್ ರೈಫಲ್ ಇದೆ, ಬ್ಯಾರೆಲ್ ಮಡಚೋದು. ಅದನ್ನ ಇದೇ ಚೀಲಗಳ ಮೇಲಿಟ್ಟು ಹೊಡೆದರೆ 30 ಮಿ.ಮೀ. ದಾಟುತ್ತೆ. ಅಂಗೈ ಮೇಲಿಟ್ಟು ಹೊಡೆದರೆ ಅದರ ಅರ್ಧಕ್ಕೆ ಬರುತ್ತೆ. ಆಸರೆ ಗಟ್ಟಿಯಾದಷ್ಟೂ ಗುರಿ ಕೆಡೋದು ಯಾಕೆ?

ಎರಡು ಮೂರು ಸಾವಿರದಲ್ಲಿ ಇಲ್ಲೇ ಮಾಡಿಸಬಹುದಾದ ಪರಿಹಾರ ಬೇಕು. ಬೈಪಾಡ್ (ರೈಫಲ್ಲಿನ ಮುಂದೆ ಸಿಕ್ಕಿಸೋ ಎರಡು ಕಾಲಿನ ಸ್ಟ್ಯಾಂಡ್) ತಗೊಳ್ಳೋದು ಒಳ್ಳೇದಾ?

---

ಚಿಂತಾಮಣಿ_ಬೆಂಚ್

ವಿವರ ಕೊಟ್ಟು ಕೇಳಿದ್ದೀರಿ, ಅದಕ್ಕೇ ವಿವರವಾಗಿ ಬರೀತೀನಿ. ಬೈಪಾಡ್ ಈಗ ಬೇಡ. ಆ ದುಡ್ಡು ಹಿಂದಿನ ಚೀಲಕ್ಕೆ ಹಾಕಿ.

ಮೊದಲು ಒಂದು ಲೆಕ್ಕ. ನಿಮ್ಮ ಎರಡು ಚೀಲಗಳ ನಡುವೆ ಅರ್ಧ ಮೀಟರ್. ಗುರಿ 25 ಮೀಟರ್ ದೂರ. ಅಂದರೆ ಐವತ್ತು ಪಟ್ಟು. ರೈಫಲ್ಲಿನ ಹಿಂಭಾಗ 0.1 ಮಿ.ಮೀ. ಏರಿದರೆ ಅಥವಾ ಇಳಿದರೆ ಗುರಿಯಲ್ಲಿ ಪೆಲೆಟ್ 5 ಮಿ.ಮೀ. ಸರಿಯುತ್ತೆ. 0.1 ಮಿ.ಮೀ. ಅಂದರೆ ಹೆಚ್ಚುಕಡಿಮೆ ಒಂದು ಬರೆಯೋ ಹಾಳೆಯ ದಪ್ಪ. ಹಿಂದೆ ಮೂರು ಹಾಳೆಯಷ್ಟು ಏರುಪೇರಾದರೆ ನಿಮ್ಮ 15 ಮಿ.ಮೀ. ಅಲ್ಲೇ ಸಿಕ್ಕಿತು. ಎಲ್ಲರೂ ಮುಂದಿನ ರೆಸ್ಟಿಗೆ ದುಡ್ಡು ಸುರಿದು ಹಿಂದೆ ಏನೋ ಒಂದು ದಿಂಬು ಇಡ್ತಾರೆ. ಉದ್ದದ ಹರಡುವಿಕೆ ಹುಟ್ಟೋದು ಬಹುಪಾಲು ಆ ದಿಂಬಲ್ಲೇ.

ಥರ್ಮೋಕೋಲ್ ಮಣಿ ಗಾಳಿ ತುಂಬಿದ ಚೆಂಡಿದ್ದ ಹಾಗೆ. ಭಾರ ಬಿದ್ದರೆ ಕುಗ್ಗುತ್ತೆ, ಭಾರ ತೆಗೆದರೆ ಉಬ್ಬುತ್ತೆ. ಕೆನ್ನೆ ಇಟ್ಟಾಗ ಸ್ವಲ್ಪ ಕುಗ್ಗುತ್ತೆ, ಉಸಿರು ಬಿಟ್ಟಾಗ ಇನ್ನೊಂದು ಚೂರು. ಟ್ರಿಗರ್ ಒತ್ತುವಾಗ ಅಂಗೈ ಸಡಿಲವಾದರೆ ಮೇಲೇಳುತ್ತೆ. ಪ್ರತಿ ಸಲ ಕೆನ್ನೆಯ ಭಾರ ಬೇರೆ, ಹಾಗಾಗಿ ಪ್ರತಿ ಸಲ ಎತ್ತರವೂ ಬೇರೆ.

ಆದರೆ ಚೀಲದ ಮೇಲೇ ತಪ್ಪು ಹೊರಿಸೋ ಮೊದಲು ರೈಫಲ್ಲನ್ನ ಬೇರ್ಪಡಿಸಿ ನೋಡಬೇಕು. ರೆಗ್ಯುಲೇಟರ್ ಇಲ್ಲದ ಪಿಸಿಪಿಯಲ್ಲಿ ಒತ್ತಡ ಇಳಿದ ಹಾಗೆ ವೇಗ ಮೊದಲು ಏರಿ, ಸ್ವಲ್ಪ ಹೊತ್ತು ಸಮವಾಗಿ ನಿಂತು, ಆಮೇಲೆ ಇಳಿಯುತ್ತೆ. ಸುಮಾರು 240 ಮೀ./ಸೆ. ವೇಗದಲ್ಲಿ ಹೊರಟ ಪೆಲೆಟ್ 25 ಮೀಟರ್ ಹೋಗುವಷ್ಟರಲ್ಲಿ ಬ್ಯಾರೆಲ್ ರೇಖೆಯಿಂದ ಸುಮಾರು 60 ಮಿ.ಮೀ. ಕೆಳಗೆ ಬಿದ್ದಿರುತ್ತೆ. ವೇಗದಲ್ಲಿ 5 ಮೀ./ಸೆ. ವ್ಯತ್ಯಾಸ ಬಂದರೆ ಆ ಬೀಳುವಿಕೆ ಎರಡೂವರೆ ಮಿ.ಮೀ. ಬದಲಾಗುತ್ತೆ. 20 ಮೀ./ಸೆ. ವ್ಯತ್ಯಾಸ ಇದ್ದರೆ 10 ಮಿ.ಮೀ. ಅಲ್ಲಿಗೇ ಹೋಯ್ತು, ಆಗ ಯಾವ ಚೀಲವೂ ಕಾಪಾಡಲ್ಲ. ಯಾರ ಹತ್ತಿರವಾದರೂ ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯೋ ಯಂತ್ರ) ಇದ್ದರೆ ಸಿಲಿಂಡರ್ ತುಂಬಿಸಿದ ಮೇಲೆ ಮೊದಲ ಪೆಲೆಟ್ಟಿನಿಂದ ವೇಗ ಬಿದ್ದುಹೋಗುವ ತನಕ ಪ್ರತಿಯೊಂದನ್ನೂ ಬರೆದಿಡಿ. ವೇಗ ಸಮವಾಗಿ ನಿಲ್ಲುವ ಒತ್ತಡದ ಎರಡು ತುದಿ ಗೊತ್ತಾಗುತ್ತೆ. ಪಂದ್ಯದಲ್ಲಿ ಅಷ್ಟರೊಳಗೇ ಹೊಡೆಯಿರಿ. 25 ಗುರಿ ಜೊತೆಗೆ ಸೈಟರ್‌ಗಳು (ಅಂಕಕ್ಕೆ ಸೇರದ ಪರೀಕ್ಷೆಯ ಹೊಡೆತಗಳು) ಅಷ್ಟರಲ್ಲಿ ಮುಗಿಯದಿದ್ದರೆ ಮಧ್ಯೆ ಗಾಳಿ ತುಂಬಿಸೋ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.

ಇನ್ನು ಟೇಬಲ್. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಚೀಲಗಳ ಮೇಲಿಟ್ಟು, ಸ್ಕೋಪ್ 24 ಪಟ್ಟಿಗೆ ತಿರುಗಿಸಿ, ರೈಫಲ್ ಮುಟ್ಟದೆ ಕಣ್ಣಿಟ್ಟು ನೋಡಿ. ಎಡ ಮೊಣಕೈ ಟೇಬಲ್ ಮೇಲೆ ಊರಿ, ಎತ್ತಿ. ಮಂಡಿಯಿಂದ ಟೇಬಲ್ಲಿನ ಕಾಲು ಮೆಲ್ಲಗೆ ತಾಗಿಸಿ. ಒಂದು ಬೆರಳಲ್ಲಿ ಮೂಲೆ ಒತ್ತಿ. ರೆಟಿಕಲ್ (ಸ್ಕೋಪಿನೊಳಗೆ ಕಾಣೋ ಅಡ್ಡ-ಉದ್ದ ಗೆರೆ) ಗುರಿಯ ಮೇಲೆ ಎಷ್ಟು ಓಡಾಡುತ್ತೋ ಅಷ್ಟು ನಿಮ್ಮ ಟೇಬಲ್ಲಿನ ಪಾಲು. ನಾಲ್ಕು ಕಾಲಿನ ಮರದ ಟೇಬಲ್ ನೆಲದ ಮೇಲೆ ಯಾವತ್ತೂ ಮೂರೇ ಕಾಲಲ್ಲಿ ನಿಲ್ಲುತ್ತೆ. ನಿಮ್ಮ ಭಾರ ಬದಲಾದಾಗ ಆ ಮೂರು ಯಾವುದು ಅನ್ನೋದೂ ಬದಲಾಗುತ್ತೆ. ಅದಕ್ಕೇ ಬೆಂಚಿಗೆ ಮೂರು ಕಾಲು ಮಾಡಿಸೋದು.

ನಮ್ಮ ಕಡೆ, ಕೋಲಾರ ಚಿಕ್ಕಬಳ್ಳಾಪುರದಲ್ಲಿ, ಕಲ್ಲು ಚಪ್ಪಡಿಗೆ ಬರ ಇಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಿಂಚು ದಪ್ಪದ ಗ್ರಾನೈಟ್ ಚಪ್ಪಡಿ ಸುಮಾರು ನೂರು ಕಿಲೋ ತೂಗುತ್ತೆ. ಸಿಮೆಂಟ್ ಇಟ್ಟಿಗೆಯ ಎರಡು ಕಂಬ ಕಟ್ಟಿ ಅದರ ಮೇಲೆ ಗಾರೆ ಹಾಕಿ ಕೂರಿಸಿದರೆ ಅಭ್ಯಾಸದ ಜಾಗದಲ್ಲಿ ಟೇಬಲ್ ಅನ್ನೋ ಪ್ರಶ್ನೆ ಮುಗೀತು. ಮೇಲ್ಮೈ ಪಾಲಿಶ್ ಮಾಡಿಸಬೇಡಿ, ರೆಸ್ಟಿನ ಕಾಲು ಜಾರುತ್ತೆ. ಕೂರುವ ಸ್ಟೂಲ್ ಚಪ್ಪಡಿಗಾಗಲಿ ಕಂಬಕ್ಕಾಗಲಿ ತಾಗಬಾರದು. ಪಂದ್ಯದ ದಿನ ಅಲ್ಲಿ ಸಿಕ್ಕ ಬೆಂಚೇ ಗತಿ, ಅದಕ್ಕೆ ಕೆಳಗೆ ಹಾಸಲು ಒಂದು ಎಮರಿ ಪೇಪರ್ ಹಾಳೆ ಒಯ್ಯಿರಿ, ಒರಟು ಮುಖ ಮೇಲೆ ಬರೋ ಹಾಗೆ. ರಬ್ಬರ್ ಮ್ಯಾಟ್ ಬೇಡ. ಅದು ಜಾರುವುದನ್ನ ತಡೆಯುತ್ತೆ ನಿಜ, ಆದರೆ ತಾನೇ ಸ್ಪ್ರಿಂಗ್ ಆಗಿ ಕೂತಿರುತ್ತೆ.

ಈಗ ಹಿಂದಿನ ಚೀಲ. ಅಳತೆ ಉದ್ದ 15, ಅಗಲ 12, ಎತ್ತರ 10 ಸೆಂ.ಮೀ. ಇಟ್ಟುಕೊಳ್ಳಿ. ಒಳಗೆ ದಪ್ಪ ಕ್ಯಾನ್ವಾಸ್, ಎರಡು ಸಾಲು ಹೊಲಿಗೆ. ಹೊರಗೆ ಚರ್ಮ. ಚಪ್ಪಲಿ ಹೊಲೆಯುವವರ ಹತ್ತಿರ ಕೊಟ್ಟರೆ ದಾರ ಮೇಣದಲ್ಲಿ ಎಳೆದು ಬಿಗಿಯಾಗಿ ಹೊಲಿದು ಕೊಡ್ತಾರೆ. ಟೈಲರ್ ಮಿಷಿನ್ ಹೊಲಿಗೆ ಮರಳಿನ ಭಾರಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ. ಮೇಲೆ ಎರಡು ಕಿವಿ, ಒಂದೊಂದು 3 ಸೆಂ.ಮೀ. ಎತ್ತರ, ನಡುವಿನ ಕಣಿವೆ ನಿಮ್ಮ ಸ್ಟಾಕಿನ (ಬ್ಯಾರೆಲ್ ಹೊತ್ತು ಭುಜದ ತನಕ ಬರೋ ಹಿಡಿಯುವ ಭಾಗ) ಅಡಿಭಾಗಕ್ಕಿಂತ ಒಂದು ಚೂರು ಕಿರಿದು.

ತುಂಬಲು ಎಂ-ಸ್ಯಾಂಡ್ ಸಾಕು. ಕ್ರಷರ್‌ನಲ್ಲಿ ಒಡೆದ ಕಲ್ಲಾದ್ದರಿಂದ ಕಣಗಳಿಗೆ ಮೂಲೆ ಇರುತ್ತೆ, ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತೆ. ಹೊಳೆ ಮರಳು ದುಂಡಗೆ, ಅಷ್ಟು ಕಚ್ಚಲ್ಲ. ಎಂ-ಸ್ಯಾಂಡಿನ ದೋಷ ಅದರ ದೂಳು. ಹಾಗೇ ತುಂಬಿದರೆ ಹೊಲಿಗೆ ಸಂದಿಯಿಂದ ಸುರಿದು ರೈಫಲ್ಲಿನ ಮೈಗೆಲ್ಲ ಮೆತ್ತುತ್ತೆ, ಚೀಲವೂ ವಾರವಾರ ಕುಸಿಯುತ್ತೆ. ಕಿಟಕಿಯ ಸೊಳ್ಳೆ ಜಾಲರಿಯಲ್ಲಿ ಜರಡಿ ಹಿಡಿದು, ಉಳಿದದ್ದನ್ನ ಬಕೆಟ್ಟಿನಲ್ಲಿ ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತೊಳೆದು, ತಗಡಿನ ಮೇಲೆ ಎರಡು ದಿನ ಒಣಗಿಸಿ. ಒದ್ದೆ ಮರಳು ತುಂಬಿದರೆ ಆಮೇಲೆ ಒಳಗೇ ಒಣಗಿ ಜಾಗ ಖಾಲಿಯಾಗುತ್ತೆ. ಲಾಳಿಕೆಯಲ್ಲಿ ಸುರಿಯುತ್ತಾ ನೆಲಕ್ಕೆ ಕುಟ್ಟುತ್ತಾ ತುಂಬಿ. ಕಿವಿಗಳನ್ನ ಮೊದಲು, ಕಡ್ಡಿಯಲ್ಲಿ ಗಿಡಿದು ಗಟ್ಟಿಯಾಗಿ. ಹೊಟ್ಟೆ ಭಾಗ ಬೆರಳಲ್ಲಿ ಒತ್ತಿದರೆ ಒಂದೆರಡು ಮಿ.ಮೀ. ಮಾತ್ರ ಒಳಗೆ ಹೋಗುವಷ್ಟು. ಎರಡೂವರೆಯಿಂದ ಮೂರು ಕಿಲೋ ಹಿಡಿಸುತ್ತೆ. ಮುಂದಿನ ಚೀಲವನ್ನೂ ಹೀಗೇ ಬಿಚ್ಚಿ ಮತ್ತೆ ತುಂಬಿ.

ಮುಂದಿನ ಚೀಲದ ಜಾಗ: ಸ್ಟಾಕಿನ ಮುಂತುದಿಯಿಂದ 4-5 ಸೆಂ.ಮೀ. ಹಿಂದೆ. ಗಾಳಿಯ ಸಿಲಿಂಡರ್ ಅಥವಾ ಬ್ಯಾರೆಲ್ ಚೀಲಕ್ಕೆ ತಾಗಲೇಬಾರದು. ತಾಗಿದರೆ ಆಸರೆಯ ಒತ್ತಡ ನೇರ ಬ್ಯಾರೆಲ್ಲಿಗೆ ಹೋಗಿ ಪೆಲೆಟ್ ಬೀಳುವ ಜಾಗವೇ ಸರಿಯುತ್ತೆ. ಸ್ಟಾಕಿಗೆ ಬಿಳಿ ಟೇಪ್ ಅಂಟಿಸಿ ಗುರುತು ಮಾಡಿ, ಪ್ರತಿ ಹೊಡೆತಕ್ಕೂ ಅದೇ ಗುರುತು ಅದೇ ಅಂಚಿಗೆ ಬರಬೇಕು. ಸ್ಲಿಂಗ್ ಹಾಕುವ ಸ್ಟಡ್ ಹಿಂದೆ ಇದ್ದರೆ ಬಿಚ್ಚಿಡಿ, ಚೀಲದ ಕಿವಿಗೆ ಸಿಕ್ಕಿಕೊಳ್ಳುತ್ತೆ.

ಇವೆಲ್ಲ ಆದ ಮೇಲೆ ಒಂದು ಪರೀಕ್ಷೆ. ರೆಟಿಕಲ್ ಗುರಿಯ ಮಧ್ಯಕ್ಕೆ ತಂದು, ಖಾಲಿ ರೈಫಲ್ಲನ್ನ ಚೀಲಗಳ ಮೇಲೇ 2-3 ಸೆಂ.ಮೀ. ಹಿಂದಕ್ಕೆ ಎಳೆದು ಮತ್ತೆ ಮುಂದಕ್ಕೆ ತಳ್ಳಿ ಕೈ ಬಿಡಿ. ಹತ್ತು ಸಲ. ಹತ್ತೂ ಸಲ ರೆಟಿಕಲ್ ಅಲ್ಲೇ ಬಂದು ಕೂತರೆ ಆಸರೆ ಸರಿ ಇದೆ. ಪಿಸಿಪಿಯಲ್ಲಿ ಒದೆತ ಕಡಿಮೆ ನಿಜ, ಆದರೆ ಪೆಲೆಟ್ ತುಂಬುವಾಗ ಪ್ರತಿ ಸಲ ರೈಫಲ್ ಅಲುಗಾಡುತ್ತಲ್ಲ, ಅದು ತಾನಾಗಿ ವಾಪಸ್ ಬರಬೇಕು. ಕೈಯಿಂದ ಬಿಗಿಹಿಡಿದು ಮಧ್ಯಕ್ಕೆ ತಂದು ಹೊಡೆಯೋದಾದರೆ ಟ್ರಿಗರ್ ಬಿಟ್ಟ ಕ್ಷಣ ಅದು ತನ್ನ ಜಾಗಕ್ಕೆ ಹೋಗೋಕೆ ನೋಡುತ್ತೆ.

ಮಾಡಿ ನೋಡಿ, ಅಳತೆ ಹಾಕಿ.

---

ಶಿರಾ_ಶೂಟರ್

ಹಿಂದಿನ ಚೀಲಕ್ಕೆ ರಾಗಿ ತುಂಬಿದರೆ? ಹಗುರ, ಎಲ್ಲ ಕಡೆ ಸಿಗುತ್ತೆ, ದೂಳೂ ಇಲ್ಲ.

---

ಚಿಂತಾಮಣಿ_ಬೆಂಚ್

ಭಾರ ಹೊರುವ ಚೀಲಕ್ಕೆ ಬೇಡ. ರಾಗಿ ಕಾಳು ಸಣ್ಣ ಗೋಲಿ ಇದ್ದ ಹಾಗೆ, ಒತ್ತಿದರೆ ಪಕ್ಕಕ್ಕೆ ಹರಿಯುತ್ತೆ, ಅಲ್ಲೇ ನಿಲ್ಲಲ್ಲ. ತೂಕವೂ ಮರಳಿನ ಅರ್ಧ. ಹಗುರ ಅನ್ನೋದು ಇಲ್ಲಿ ಗುಣ ಅಲ್ಲ. ಚೀಲ ಬೆಂಚಿಗೆ ಅಂಟಿದ ಹಾಗೆ ಕೂರಬೇಕು.

ಆದರೆ ಆ ಹರಿಯುವ ಗುಣವೇ ಬೇಕಾದ ಜಾಗ ಒಂದಿದೆ. ನೆಲದ ಮೇಲೆ ಮಲಗಿ, ಬೈಪಾಡ್ ಹಾಕಿ, ಎಡಗೈಯಲ್ಲಿ ಚೀಲ ಹಿಸುಕಿ ಎತ್ತರ ಹೊಂದಿಸುವವರಿಗೆ ಮುಷ್ಟಿಯೊಳಗೆ ಸಲೀಸಾಗಿ ಆಕಾರ ಬದಲಿಸುವ ಚೀಲ ಬೇಕು. ಅದಕ್ಕೆ ರಾಗಿ ಚೆನ್ನ. ಮುಕ್ಕಾಲು ಭಾಗ ತುಂಬಿದ ಕಾಲುಚೀಲದಂಥ ಚೀಲ ಸಾಕು. ಮಳೆಗಾಲದಲ್ಲಿ ತೇವ ಹೀರುತ್ತೆ, ಹುಳು ಬೀಳುತ್ತೆ. ಬಿಸಿಲಿಗೆ ಹಾಕಿ ಒಣಗಿಸಿ ಬಾಯಿ ಕಟ್ಟೋದು, ವರ್ಷಕ್ಕೊಮ್ಮೆ ಬದಲಿಸೋದು.

---

ಕೆಜಿಎಫ್_ಸ್ಪ್ರಿಂಗರ್

ಸ್ಪ್ರಿಂಗ್ ರೈಫಲ್ ಪ್ರಶ್ನೆಗೆ ಯಾರೂ ಬಂದಿಲ್ಲ, ಅದನ್ನ ನಾನು ತಗೋತೀನಿ.

ಕ್ಯಾತ್ಸಂದ್ರ ಅವರೇ, ನಿಮ್ಮ ಎರಡು ರೈಫಲ್‌ಗಳು ಎರಡು ಬೇರೆ ಜಾತಿ. ಒಂದರ ಪಾಠ ಇನ್ನೊಂದಕ್ಕೆ ಹೇಳಿದರೆ ಕೆಡುತ್ತೆ. ಪಿಸಿಪಿಯಲ್ಲಿ ಗಾಳಿ ಆಗಲೇ ಒತ್ತಿ ಇಟ್ಟಿರುತ್ತೆ, ವಾಲ್ವ್ ತೆರೆದರೆ ಮುಗೀತು. ಸ್ಪ್ರಿಂಗರ್‌ನಲ್ಲಿ ಟ್ರಿಗರ್ ಬಿಟ್ಟ ಮೇಲೆ ಭಾರದ ಪಿಸ್ಟನ್ ಮುಂದಕ್ಕೆ ಓಡಬೇಕು. ಅದು ಮುಂದೆ ಓಡುವಾಗ ರೈಫಲ್ ಹಿಂದಕ್ಕೆ ಹೋಗುತ್ತೆ. ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ರೈಫಲ್ ತಿರುಗಿ ಮುಂದಕ್ಕೆ ಚಿಮ್ಮುತ್ತೆ. ಈ ಕುಲುಕಾಟ ಶುರುವಾದಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತೆ. ಅಂದರೆ ಪೆಲೆಟ್ ಹೊರಬೀಳುವ ಕ್ಷಣಕ್ಕೆ ರೈಫಲ್ ಅಲುಗುತ್ತಲೇ ಇರುತ್ತೆ, ಅದನ್ನ ತಡೆಯೋಕಾಗಲ್ಲ. ಪ್ರತಿ ಸಲ ಒಂದೇ ಥರ ಅಲುಗುವ ಹಾಗೆ ನೋಡಿಕೊಳ್ಳೋದೊಂದೇ ದಾರಿ.

ಗಟ್ಟಿ ಮರಳಿನ ಚೀಲದ ಮೇಲೆ ರೈಫಲ್ ಹಿಂದೆ ಸರಿಯುವಾಗ ತಳದಿಂದ ಮೇಲಕ್ಕೆ ಪುಟಿಯುತ್ತೆ. ಎಷ್ಟು ಪುಟಿಯುತ್ತೆ ಅನ್ನೋದು ಚೀಲ ಎಲ್ಲಿ ತಾಗಿದೆ, ಎಷ್ಟು ಒತ್ತಿದೆ ಅನ್ನೋದರ ಮೇಲೆ. ಅಂಗೈಯಾದರೆ ಮಾಂಸ, ಮೆತ್ತಗಿರುತ್ತೆ, ರೈಫಲ್ ಜೊತೆಗೇ ಸರಿಯುತ್ತೆ. ನಿಮ್ಮ 30 ಮಿ.ಮೀ. ಅರ್ಧಕ್ಕೆ ಇಳಿದದ್ದು ಅದಕ್ಕೇ.

ಬೆಂಚ್ ಮೇಲೆ ಇದನ್ನೇ ಹೀಗೆ ಮಾಡಿ. ಮುಂದಿನ ಚೀಲದ ಮೇಲೆ ಎಡಗೈಯ ಹಿಂಬದಿ ಊರಿ, ಅಂಗೈ ತೆರೆದಿಡಿ, ಅದರ ಮೇಲೆ ರೈಫಲ್. ಬೆರಳು ಮಡಚಬೇಡಿ. ಮೊದಲು ರೈಫಲ್ಲನ್ನ ಒಂದು ಬೆರಳ ಮೇಲೆ ತೂಗಿ ಸಮತೂಕದ ಜಾಗ ಹುಡುಕಿ, ಅಲ್ಲಿಂದ ಶುರು ಮಾಡಿ. ಐದು ಹೊಡೆತ, ಆಮೇಲೆ 2 ಸೆಂ.ಮೀ. ಮುಂದೆ ಸರಿಸಿ ಐದು, ಹೀಗೆ ಮುಂತುದಿಯ ತನಕ. ಎಲ್ಲೋ ಒಂದು ಕಡೆ ಗ್ರೂಪ್ ಕೂಡಿಕೊಳ್ಳುತ್ತೆ. ಅಲ್ಲಿ ಟೇಪ್ ಹಾಕಿ. ಆ ಜಾಗದಿಂದ ಒಂದು ಸೆಂ.ಮೀ. ತಪ್ಪಿದರೂ ಪೆಲೆಟ್ ಬೇರೆ ಕಡೆ ಬೀಳುವ ರೈಫಲ್‌ಗಳಿವೆ. ಹಿಂದಿನ ಚೀಲ ಸ್ಟಾಕಿಗೆ ಸವರುವಷ್ಟು ಮಾತ್ರ ತಾಗಲಿ, ಕಿವಿಯೊಳಗೆ ಹೂಳಬೇಡಿ. ಭುಜಕ್ಕೆ ಬಟ್ ತಾಗಿದೆಯೋ ಇಲ್ಲವೋ ಅನ್ನುವಷ್ಟು. ಹೆಬ್ಬೆರಳು ಸ್ಟಾಕಿಗೆ ಸುತ್ತಿ ಹಿಡಿಯೋ ಬದಲು ಬಲಪಕ್ಕದಲ್ಲೇ ಮೇಲಿಡಿ. ಟ್ರಿಗರ್ ಒತ್ತಿದ ಮೇಲೆ ಪೆಲೆಟ್ ಕಾಗದಕ್ಕೆ ಬಿದ್ದದ್ದು ಕಾಣುವ ತನಕ ತಲೆ ಎತ್ತಬೇಡಿ.

ಈ ಕುಲುಕಾಟದಿಂದ ಸ್ಟಾಕಿನ ಸ್ಕ್ರೂ ಸಡಿಲವಾಗುತ್ತೆ. ಮುಂದಿನ ಎರಡು, ಟ್ರಿಗರ್ ಗಾರ್ಡಿನ ಒಂದೆರಡು. ಪ್ರತಿ ಅಭ್ಯಾಸಕ್ಕೂ ಮೊದಲು ಒಮ್ಮೆ ಕೈಯಾಡಿಸಿ. ಇದ್ದಕ್ಕಿದ್ದಂತೆ ಗ್ರೂಪ್ ಎರಡು ಕಡೆ ಬೀಳೋಕೆ ಶುರುವಾದರೆ ಮೊದಲ ಅನುಮಾನ ಈ ಸ್ಕ್ರೂಗಳ ಮೇಲೆ, ಎರಡನೇದು ಸ್ಕೋಪ್ ಮೌಂಟ್ ಮೇಲೆ. ಮುಂದಕ್ಕೆ ಚಿಮ್ಮುವ ಒದೆತ ಮಾಮೂಲಿ ಸ್ಕೋಪ್‌ಗಳ ಒಳಗಿನ ಭಾಗ ಕಿತ್ತುಹಾಕುತ್ತೆ. ಸ್ಪ್ರಿಂಗರ್‌ಗೆ ಅಂತಲೇ ಮಾಡಿದ ಸ್ಕೋಪ್ ಬೇಕು.

ಇನ್ನೊಂದು ಮುಖ್ಯ ಮಾತು: ಚಿಂತಾಮಣಿಯವರು ಹೇಳಿದ ಖಾಲಿ ರೈಫಲ್ ಪರೀಕ್ಷೆ ಮಾಡುವಾಗ ಸ್ಪ್ರಿಂಗರ್‌ನ ಟ್ರಿಗರ್ ಒತ್ತಬೇಡಿ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ನಿಗೆ ಮೆತ್ತೆ ಇರಲ್ಲ, ಕಬ್ಬಿಣಕ್ಕೆ ಕಬ್ಬಿಣ ಬಡಿದು ಸೀಲ್ ಮತ್ತು ಸ್ಪ್ರಿಂಗ್ ಹಾಳಾಗುತ್ತೆ.

ಸ್ಪ್ರಿಂಗರ್‌ನಲ್ಲಿ 25 ಮೀಟರಿಗೆ 15 ಮಿ.ಮೀ. ಒಳಗಿನ ಗ್ರೂಪ್ ಒಳ್ಳೆಯ ಗ್ರೂಪ್. ಪಂದ್ಯಕ್ಕೆ ಪಿಸಿಪಿಯನ್ನೇ ಒಯ್ಯಿರಿ.

---

ಬಂಗಾರಪೇಟೆ_ಪ್ರೋನ್

ಬೆಂಚ್ ನನ್ನ ಕ್ಷೇತ್ರ ಅಲ್ಲ, 50 ಮೀಟರ್ ಸ್ಮಾಲ್‌ಬೋರ್ (.22 ರೈಫಲ್). ಆದರೆ ಶೀರ್ಷಿಕೆ ನೋಡಿ ಹೊಸಬರು ಬಂದು ಗೊಂದಲ ಮಾಡಿಕೊಳ್ಳೋದು ಬೇಡ ಅಂತ ಬರೀತೀನಿ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಪಂದ್ಯಗಳಲ್ಲಿ ಮರಳಿನ ಚೀಲ, ಬೈಪಾಡ್ ಯಾವುದೂ ಇಲ್ಲ. ಅಲ್ಲಿ ಆಸರೆ ಅಂದರೆ ಪ್ರೋನ್ (ಮಲಗಿ) ಮತ್ತು ನೀಲಿಂಗ್‌ನಲ್ಲಿ (ಮಂಡಿಯೂರಿ) ಸ್ಲಿಂಗ್, ಅಂದರೆ ತೋಳಿಗೆ ಕಟ್ಟೋ ಪಟ್ಟಿ, ನೀಲಿಂಗ್‌ನಲ್ಲಿ ಪಾದದ ಕೆಳಗಿನ ರೋಲ್. ನಿಂತು ಹೊಡೆಯುವಾಗ ಸ್ಲಿಂಗೂ ಇಲ್ಲ. ರಿಯೊ 2016ರ ನಂತರ ಪ್ರೋನ್ ಪ್ರತ್ಯೇಕ ಸ್ಪರ್ಧೆಯಾಗಿ ಒಲಿಂಪಿಕ್ಸ್‌ನಲ್ಲಿ ಇಲ್ಲ. ಆದರೆ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ತ್ರೀ ಪೊಸಿಷನ್‌ನಲ್ಲಿ ಅದು ಇದ್ದೇ ಇದೆ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಅದರಲ್ಲೇ.

50 ಮೀಟರ್ ಗುರಿಯಲ್ಲಿ ಹತ್ತರ ವೃತ್ತ 10.4 ಮಿ.ಮೀ. ಅದನ್ನ ಮೂಳೆಯ ಆಸರೆಯಲ್ಲೇ ಹಿಡಿಯಬೇಕು, ಸ್ನಾಯುವಿನ ಬಲದಲ್ಲಿ ಆಗಲ್ಲ. ಸ್ಲಿಂಗ್ ಅಗಲ 40 ಮಿ.ಮೀ. ದಾಟಬಾರದು. ತೋಳಿನ ಮೇಲ್ಭಾಗದಲ್ಲಿ, ಭುಜದ ಕೆಳಗೆ, ಹೊರಗಡೆಯಿಂದ ಎಳೆಯುವ ಹಾಗೆ ಕಟ್ಟಿ. ತೋಳಿನ ನಡುವೆ ಒಳಬದಿಗೆ ಕಟ್ಟಿದರೆ ಅಲ್ಲಿರೋ ರಕ್ತನಾಳ ಒತ್ತಿ, ಎದೆಬಡಿತ ಪೂರಾ ರೈಫಲ್ಲಿಗೆ ಹೋಗಿ ಮುಂದಿನ ಸೈಟ್ ಕುಣಿಯುತ್ತೆ. ಮುಂಗೈ ನೆಲಕ್ಕೆ 30 ಡಿಗ್ರಿಗಿಂತ ಕಡಿಮೆ ಇರಬಾರದು ಅನ್ನೋದು ನಿಯಮ. ಎಡ ಮೊಣಕೈ ರೈಫಲ್ಲಿನ ನೇರ ಕೆಳಗೆ ಇಲ್ಲವೇ ಸ್ವಲ್ಪ ಎಡಕ್ಕೆ. ಸ್ಲಿಂಗ್ ಸರಿಯಾಗಿ ಬಿಗಿದಿದ್ದರೆ ಎಡಗೈ ಬೆರಳು ಪೂರ್ತಿ ಬಿಚ್ಚಿದರೂ ರೈಫಲ್ ಜಗ್ಗಲ್ಲ.

ಗುರಿ ಪಕ್ಕಕ್ಕಿದೆ ಅಂತ ಕೈಯಿಂದ ತಿರುಗಿಸೋದು ಎಲ್ಲರೂ ಮಾಡುವ ತಪ್ಪು. ಕಣ್ಣು ಮುಚ್ಚಿ, ಎರಡು ಮೂರು ಉಸಿರು ಬಿಟ್ಟು, ಕಣ್ಣು ತೆರೆದಾಗ ಸೈಟ್ ಎಲ್ಲಿದೆಯೋ ಅದೇ ನಿಮ್ಮ ಸಹಜ ಗುರಿ. ಎಡಬಲ ತಪ್ಪಿದ್ದರೆ ಎಡ ಮೊಣಕೈಯನ್ನ ಗೂಟದ ಹಾಗೆ ಇಟ್ಟುಕೊಂಡು ಸೊಂಟ ಸರಿಸಬೇಕು. ಮೇಲೆ ಕೆಳಗೆ ತಪ್ಪಿದ್ದರೆ ಹ್ಯಾಂಡ್‌ಸ್ಟಾಪ್ (ಎಡಗೈಗೆ ಮುಂದೆ ಇರೋ ತಡೆ) ಅಥವಾ ಬಟ್‌ಪ್ಲೇಟ್ (ಭುಜಕ್ಕೆ ತಾಗುವ ಫಲಕ) ಸರಿಸಬೇಕು. ನೀಲಿಂಗ್ ರೋಲ್ ಗರಿಷ್ಠ 25 ಸೆಂ.ಮೀ. ಉದ್ದ, 18 ಸೆಂ.ಮೀ. ವ್ಯಾಸ. ಅಷ್ಟು ದೊಡ್ಡದೇ ಬೇಕು ಅಂತಿಲ್ಲ, ಕಣಕಾಲಿಗೆ ನೋವಾಗದೆ ಮೈಭಾರ ಹಿಮ್ಮಡಿ ಮೇಲೆ ನೇರ ಇಳಿಯುವಷ್ಟು ಸಾಕು.

ಬೈಪಾಡ್ ಬಗ್ಗೆ ಕೇಳಿದ್ದಿರಿ. ಗಟ್ಟಿ ಕಾಂಕ್ರೀಟ್ ಮೇಲೆ ಕಾಲಿಗೆ ಕಚ್ಚು ಸಿಗದೆ ಪುಟಿಯುತ್ತೆ. ಕೆಳಗೆ ಒರಟು ಕಾರ್ಪೆಟ್ ತುಂಡು ಹಾಕಿ, ಭುಜದಿಂದ ಪ್ರತಿ ಸಲ ಅಷ್ಟೇ ಒತ್ತಡ ಕೊಡಬೇಕು. ಆ ಒತ್ತಡ ಒಂದೇ ಸಮ ಇಡೋದೇ ಅದರ ಕಷ್ಟ. ಬೆಂಚ್‌ಗೆ ನಿಮಗೆ ಚೀಲವೇ ಸರಿ.

---

ಶಿಡ್ಲಘಟ್ಟ_ಕೋಚ್

ಚಿಕ್ಕದಾಗಿ ಒಂದು ಸೇರಿಸುತ್ತೇನೆ. ಪ್ಯಾರಾ ಶೂಟಿಂಗ್‌ನ ಎಸ್‌ಎಚ್2 ವರ್ಗದಲ್ಲಿ, ಅಂದರೆ ರೈಫಲ್ಲಿನ ಭಾರವನ್ನು ತೋಳಿನಲ್ಲಿ ಹೊರಲು ಆಗದವರಿಗೆ, ಸ್ಪ್ರಿಂಗ್ ಇರುವ ಸ್ಟ್ಯಾಂಡಿಗೆ ಅನುಮತಿ ಇದೆ. 10 ಮೀಟರ್‌ನ ಆರ್4, ಆರ್5 ಸ್ಪರ್ಧೆಗಳು ಈ ವರ್ಗದವು. ಈ ಮಕ್ಕಳಿಗೆ ಮರಳಿನ ಚೀಲದ ಮೇಲೆ ಅಭ್ಯಾಸ ಮಾಡಿಸಬೇಡಿ. ಸ್ಪ್ರಿಂಗ್ ಯಾವ ದಿಕ್ಕಿಗೂ ಬಾಗುತ್ತದೆ, ಸ್ಟ್ಯಾಂಡ್ ಭಾರ ಮಾತ್ರ ಹೊರುತ್ತದೆ, ನಿಲ್ಲಿಸುವ ಕೆಲಸ ಶೂಟರ್‌ದೇ. ರೈಫಲ್ಲಿನ ಸಮತೂಕದ ಜಾಗಕ್ಕೇ ಸ್ಟ್ಯಾಂಡ್ ಬರಬೇಕು. ಮುಂದೆ ಬಂದರೆ ಬಟ್ ಭಾರವಾಗಿ ಭುಜ ದಣಿಯುತ್ತದೆ, ಹಿಂದೆ ಹೋದರೆ ಬ್ಯಾರೆಲ್ಲಿನ ಬಾಯಿ ಕೆಳಗೆ ಜಗ್ಗುತ್ತದೆ. ಯಾವ ಸ್ಪ್ರಿಂಗ್ ಅನ್ನುವುದನ್ನು ವರ್ಗೀಕರಣ ಆದ ಮೇಲೇ ತೀರ್ಮಾನಿಸಿ ಕೊಳ್ಳಿರಿ.

---

ಕ್ಯಾತ್ಸಂದ್ರ_177

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೆ ಅಳೆದೆ.

ಕ್ರೋನೋಗ್ರಾಫ್: 180 ಬಾರ್‌ನಿಂದ 135 ಬಾರ್ ತನಕ 236ರಿಂದ 241 ಮೀ./ಸೆ. ಅದರ ಕೆಳಗೆ ಬೇಗ ಬೀಳುತ್ತೆ. ಇಷ್ಟು ದಿನ 110 ಬಾರ್ ತನಕ ಹೊಡೀತಿದ್ದೆ.

ಟೇಬಲ್: ಮೊಣಕೈ ಊರಿದರೆ ರೆಟಿಕಲ್ 4-5 ಮಿ.ಮೀ. ಇಳಿಯುತ್ತೆ. ಒಂದು ಕಾಲಿನ ಕೆಳಗೆ ಸಿಕ್ಕಿಸಿದ್ದ ರಟ್ಟು ತೆಗೆದು ತಗಡು ಹಾಕಿದ ಮೇಲೆ 1 ಮಿ.ಮೀ.

ಚೀಲ: ಎಂ-ಸ್ಯಾಂಡ್, ಚರ್ಮ, 2.7 ಕಿಲೋ. ಈಗ ಉದ್ದಕ್ಕೆ 7-8 ಮಿ.ಮೀ., ಅಡ್ಡಕ್ಕೆ 6.

ಹಿಂದೆ ಮುಂದೆ ಎಳೆಯುವ ಪರೀಕ್ಷೆಯಲ್ಲಿ ರೆಟಿಕಲ್ ಬಲಕ್ಕೆ 8-10 ಮಿ.ಮೀ. ಹೋಗಿ ಕೂರುತ್ತೆ, ಕೆಲವೊಮ್ಮೆ ಮೇಲಕ್ಕೂ. ಇನ್ನೊಂದು: ಮೇಲಿನ ಎಡ ಮೂಲೆಯ ಗುರಿಗೆ ಹೋದಾಗ ಅಂಕ ಬೀಳುತ್ತೆ, ಮಧ್ಯದಲ್ಲಿ ಚೆನ್ನಾಗಿರುತ್ತೆ.

---

ಚಿಂತಾಮಣಿ_ಬೆಂಚ್

ಚೆನ್ನಾಗಿ ಅಳೆದಿದ್ದೀರಿ. 135 ಬಾರ್‌ಗೆ ನಿಲ್ಲಿಸಿ, ಅರ್ಧ ಕಾಯಿಲೆ ಅಲ್ಲೇ ಇತ್ತು.

ಬಲಕ್ಕೆ ಹೋಗುವುದು ಎರಡು ಚೀಲ ಒಂದೇ ಗೆರೆಯಲ್ಲಿ ಇಲ್ಲದ ಲಕ್ಷಣ. ಗಾರೆಯವರ ದಾರ ತಂದು ಗುರಿಯ ಹಲಗೆಯ ಮಧ್ಯದಿಂದ ಬೆಂಚಿನ ಹಿಂದಿನ ಅಂಚಿನ ತನಕ ಬಿಗಿಯಾಗಿ ಎಳೆದು, ಅದರ ಕೆಳಗೆ ಸೀಮೆಸುಣ್ಣದಲ್ಲಿ ಬೆಂಚಿಗೆ ಗೆರೆ ಹಾಕಿ. ಇದು ರೇಂಜಿನಲ್ಲಿ ಯಾರೂ ಹೊಡೆಯದಿರುವಾಗ ಮಾಡುವ ಕೆಲಸ. ಮುಂದಿನ ಚೀಲದ ಮಧ್ಯ ಮತ್ತು ಹಿಂದಿನ ಚೀಲದ ಕಣಿವೆ ಎರಡೂ ಆ ಗೆರೆ ಮೇಲೆ. ಮುಂದಿನ ಚೀಲದ ಅಕ್ಕಪಕ್ಕದ ಗೋಡೆ ಸ್ಟಾಕನ್ನ ಹಿಂಡಬಾರದು, ಒಂದು ಕಾಗದ ನುಗ್ಗುವಷ್ಟು ಸಡಿಲ ಇರಲಿ. ಚರ್ಮ ಹೊಸದಾದ್ದರಿಂದ ಕಚ್ಚುತ್ತಿರಲೂಬಹುದು. ಚಿಟಿಕೆ ಟಾಲ್ಕಂ ಪೌಡರ್ ಉಜ್ಜಿ ಒರೆಸಿ.

ಮೇಲಕ್ಕೆ ಹೋಗುವುದು ಸ್ಟಾಕಿನ ಅಡಿಯ ಓರೆಯಿಂದ. ಬಟ್ಟಿನ ಕೆಳಗಿನ ಗೆರೆ ಬ್ಯಾರೆಲ್ಲಿಗೆ ಸಮಾನಾಂತರ ಇಲ್ಲದಿದ್ದರೆ ರೈಫಲ್ ಹಿಂದೆ ಸರಿದಾಗ ಹಿಂಭಾಗ ಇಳಿಜಾರಿನಲ್ಲಿ ಜಾರಿದ ಹಾಗೆ ತಗ್ಗುತ್ತೆ, ಬ್ಯಾರೆಲ್ ಮೇಲೇಳುತ್ತೆ. 12 ಸೆಂ.ಮೀ. ಉದ್ದದ ತೇಗದ ಪಟ್ಟಿಯನ್ನ ಬೆಣೆಯ ಆಕಾರಕ್ಕೆ ತರಿದು, ಬ್ಯಾರೆಲ್ಲಿಗೆ ಸಮಾನಾಂತರವಾಗುವ ಹಾಗೆ ಅಡಿಗೆ ಕೂರಿಸಬಹುದು. ಆದರೆ ನಿಮ್ಮ ಪಂದ್ಯದ ವಿಭಾಗದ ನಿಯಮ ಇದಕ್ಕೆ ಒಪ್ಪುತ್ತಾ ಅಂತ ಮೊದಲು ಕೇಳಿ. ಒಪ್ಪದಿದ್ದರೆ ಟೇಪ್ ಗುರುತಿಗೆ ಸರಿಯಾಗಿ ವಾಪಸ್ ತರುವುದೇ ಉಪಾಯ, ಗುರುತು ಒಂದೇ ಆದರೆ ಓರೆಯೂ ಒಂದೇ.

ಮೂಲೆಯ ಗುರಿಗಳ ವಿಷಯ. ಗುರಿಯಿಂದ ಗುರಿಗೆ 45 ಮಿ.ಮೀ. ಅಂತ ಇಟ್ಟುಕೊಂಡರೆ, ಅದೇ ಐವತ್ತರ ಲೆಕ್ಕದಲ್ಲಿ ಹಿಂಭಾಗ ಸರಿಯಬೇಕಾದ್ದು 0.9 ಮಿ.ಮೀ. ಮಾತ್ರ. ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಹೆಜ್ಜೆ, 3.6 ಮಿ.ಮೀ. ಇಷ್ಟು ಕಡಿಮೆ ಅಂತ ಚೀಲ ಸರಿಸದೆ ಸ್ಟಾಕನ್ನೇ ಕಿವಿಗೆ ಒತ್ತಿ ಹಿಡಿದು ಹೊಡೆಯುತ್ತಿರ್ತೀರಿ, ಕಿವಿ ಅದನ್ನ ವಾಪಸ್ ತಳ್ಳುತ್ತೆ. ಮಧ್ಯದ ಗುರಿಗೆ ಎಲ್ಲ ಹೊಂದಿಸಿಕೊಂಡು, ಒಂದು ಕಂಬಸಾಲು ಮುಗಿದು ಪಕ್ಕದ ಸಾಲಿಗೆ ಹೋಗುವಾಗ ಹಿಂದಿನ ಚೀಲದ ಪಕ್ಕೆಗೆ ಬೆರಳಿಂದ ಮೆಲ್ಲಗೆ ತಟ್ಟಿ ಸರಿಸಿ, ರೈಫಲ್ ಒಮ್ಮೆ ಎಳೆದು ಬಿಟ್ಟು ಕೂರಿಸಿ. ಅಡ್ಡಸಾಲಲ್ಲಿ ಹೋಗುವುದಕ್ಕಿಂತ ಉದ್ದಸಾಲಲ್ಲಿ ಇಳಿದರೆ ಚೀಲ ಪಕ್ಕಕ್ಕೆ ಸರಿಸುವುದು ನಾಲ್ಕೇ ಸಲ. ಎತ್ತರಕ್ಕೆ ರೆಸ್ಟಿನ ಸ್ಕ್ರೂ ಇಲ್ಲದಿದ್ದರೆ ಹಿಂದಿನ ಚೀಲವನ್ನ ಚೂರು ಮುಂದೆ ಹಿಂದೆ ಸರಿಸಿ. ಸ್ಟಾಕಿನ ಓರೆ ಇಲ್ಲಿ ಉಪಕಾರಕ್ಕೆ ಬರುತ್ತೆ.

ಉಳಿದ 7-8 ಮಿ.ಮೀ.ನಲ್ಲಿ ಒಂದಿಷ್ಟು ಸ್ಕೋಪಿನದೂ ಇರಬಹುದು. ರೈಫಲ್ ಮುಟ್ಟದೆ ತಲೆಯನ್ನ ಮೇಲೆ ಕೆಳಗೆ ಆಡಿಸಿ. ರೆಟಿಕಲ್ ಗುರಿಯ ಮೇಲೆ ತೇಲಿದರೆ ಪ್ಯಾರಲಾಕ್ಸ್ ಸರಿ ಇಲ್ಲ, ತೇಲುವುದು ನಿಲ್ಲುವ ತನಕ ಉಂಗುರ ತಿರುಗಿಸಿ, ಅಲ್ಲಿ ಗೆರೆ ಹಾಕಿ. ಉಂಗುರದ ಮೇಲೆ ಅಚ್ಚಾದ ಅಂಕಿ ನಂಬಬೇಡಿ. ಆಮೇಲೆ ವಾಲುವಿಕೆ: 25 ಮೀಟರಿನಲ್ಲಿ ಒಂದು ತೂಗುಗುಂಡು ನೇತುಹಾಕಿ ರೆಟಿಕಲ್ಲಿನ ನಿಂತ ಗೆರೆಯನ್ನ ಆ ದಾರಕ್ಕೆ ಹೊಂದಿಸಿ, ಅದೇ ಸ್ಥಿತಿಯಲ್ಲಿ ಸ್ಕೋಪಿಗೆ ಚಿಕ್ಕ ರಸಮಟ್ಟ ಕಟ್ಟಿ. ರೈಫಲ್ 3 ಡಿಗ್ರಿ ವಾಲಿದರೆ ನಿಮ್ಮ ವೇಗಕ್ಕೆ ಪೆಲೆಟ್ 3 ಮಿ.ಮೀ. ಪಕ್ಕಕ್ಕೆ ಬೀಳುತ್ತೆ. ನಿಮ್ಮ ಅಡ್ಡದ 6ರಲ್ಲಿ ಅದೂ ಇದ್ದೀತು.

ಕೂರುವ ಎತ್ತರವನ್ನ ಯಾರೂ ಕೇಳಲ್ಲ, ಆದರೆ 20 ನಿಮಿಷ ಕೂರಬೇಕಲ್ಲ. ಎರಡೂ ಪಾದ ಪೂರ್ತಿ ನೆಲಕ್ಕೆ, ಕತ್ತು ಚಾಚದೆ ಕಣ್ಣು ಸ್ಕೋಪಿಗೆ ಬರಬೇಕು. ಸ್ಟೂಲ್ ತಗ್ಗಾದರೆ ಕೆಳಗೆ ಹಲಗೆ ಹಾಕಿ. ಕತ್ತು ಚಾಚಿ ಕೂತವರ ಕೆನ್ನೆ ಹದಿನೈದನೇ ಗುರಿಯ ಹೊತ್ತಿಗೆ ಭಾರವಾಗಿ, ಪೆಲೆಟ್ ಮೆಲ್ಲನೆ ಒಂದೇ ಕಡೆಗೆ ಸರಿಯತೊಡಗುತ್ತೆ.

ಆಷಾಢದ ಗಾಳಿ ಶುರುವಾಗೋ ಮೊದಲು ಇಷ್ಟು ಮುಗಿಸಿ. ಗಾಳಿ ಬಂದ ಮೇಲೆ ಅಡ್ಡದ ತಪ್ಪು ಚೀಲದ್ದೋ ಗಾಳಿಯದ್ದೋ ಬೇರ್ಪಡಿಸೋಕೆ ಆಗಲ್ಲ. ಬೆಂಚಿನಿಂದ ಗುರಿಯ ತನಕ ಎರಡು ಕಡೆ, ಹತ್ತು ಮತ್ತು ಇಪ್ಪತ್ತು ಮೀಟರಿನಲ್ಲಿ, ಕಡ್ಡಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿ.

---

ಕೆಜಿಎಫ್_ಸ್ಪ್ರಿಂಗರ್

ರಿಬ್ಬನ್ ರೇಷ್ಮೆ ದಾರ ಆದರೂ ಸರಿ, ಆದರೆ ಎರಡೂ ಒಂದೇ ಉದ್ದ ಇರಲಿ, 20 ಸೆಂ.ಮೀ. ಸಾಕು. ಹತ್ತು ಮೀಟರಿನದಕ್ಕೆ ಹೆಚ್ಚು ಗಮನ ಕೊಡಿ. ಬ್ಯಾರೆಲ್ಲಿನ ಬಾಯಿ ಹತ್ತಿರದ ಗಾಳಿ ಪೆಲೆಟ್ಟನ್ನ ತಿರುಗಿಸಿದರೆ ಆ ತಿರುವು ಗುರಿಯ ತನಕ ಬೆಳೀತಾ ಹೋಗುತ್ತೆ.